ಮೂರನೆಯ ದನಿಯವರು

ಜಪಾನ್ ಅಮ್ಮ ಹಾಡಿದರೆ ಅದು ಹಾಡಿನ ಹಾಗೆ ಕೇಳಿಸುತ್ತಿರಲಿಲ್ಲ. ಏನನ್ನೋ ಮರೆತವರು ಒಂದೊಂದೇ ಅಕ್ಷರ ನೆನಪು ಮಾಡಿಕೊಂಡು ಹೇಳುತ್ತಿರುವ ಹಾಗೆ ಇರುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಹೆಂಗಸರು ಅದಕ್ಕಾಗಿ ಅವರನ್ನು ಎಂದೂ ಆಡಿಕೊಳ್ಳಲಿಲ್ಲ, ಬರೀ ಕನಿಕರಪಟ್ಟರು. ಹದಿನಾರು ವರ್ಷ ಹಾಡುವುದನ್ನೇ ಕಸುಬು ಮಾಡಿಕೊಂಡಿದ್ದವರಿಗೆ ಕನಿಕರಕ್ಕಿಂತ ಆಡಿಕೊಳ್ಳುವುದೇ ವಾಸಿ ಅನ್ನಿಸಿರಬೇಕು. ಆದರೆ ಅವರು ಅದನ್ನೂ ತಲೆ ಬಾಗಿಸಿ ಸ್ವೀಕರಿಸುತ್ತಿದ್ದರು. ಯಾವುದನ್ನು ಕೊಟ್ಟರೂ ತಲೆ ಬಾಗಿಸುವುದು ಅವರ ದೇಶದ ವಾಡಿಕೆ.

ಹೋದ ತಿಂಗಳು ಅವರು ಜಪಾನಿನ ತಮ್ಮ ಊರಿನಲ್ಲಿ ತೀರಿಕೊಂಡರು. ಇಲ್ಲಿ ಅವರನ್ನು ಬಲ್ಲವರೆಲ್ಲ ನನ್ನನ್ನು ಕಂಡಾಗ, "ನಿಂಗೇ ಕಣಮ್ಮ ಅವ್ರು ಚೆನ್ನಾಗ್ ಗೊತ್ತಿದ್ದಿದ್ದು, ಅವ್ರ ಭಾಷೆ ಬರ್ತಿತ್ತಲ್ಲ," ಎನ್ನುತ್ತಾರೆ. ಇದರಲ್ಲಿ ಮೊದಲ ಮಾತು ಅರ್ಧ ನಿಜ, ಎರಡನೆಯದು ಪೂರ್ತಿ ಸುಳ್ಳು.

ಸುಳ್ಳಿನಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ, ಸಂಜೆಯ ಹೊತ್ತು ಹಾಸ್ಟೆಲಿನ ಹುಡುಗಿಯರ ಹರಟೆಯಿಂದ ತಪ್ಪಿಸಿಕೊಳ್ಳಲು ನಾನು ಜಪಾನಿ ಭಾಷೆಯ ಸರ್ಟಿಫಿಕೇಟ್ ತರಗತಿಗೆ ಸೇರಿದೆ. ಮಾತಾಡುವುದು ಇಷ್ಟವಿಲ್ಲದವಳು ಇನ್ನೊಂದು ಭಾಷೆ ಕಲಿಯಲು ಹೋದದ್ದು ಯಾವ ಬುದ್ಧಿಯೋ ತಿಳಿಯದು. "ಇದು ಪುಸ್ತಕ", "ಅದು ಕೊಡೆ", "ರೈಲ್ವೆ ಸ್ಟೇಷನ್ ಎಲ್ಲಿದೆ", ಇಷ್ಟನ್ನು ತಪ್ಪಿಲ್ಲದೆ ಹೇಳುವಷ್ಟು ಪಾಂಡಿತ್ಯ ಬಂತು. ಎಂಬತ್ತರ ದಶಕ ಮುಗಿದು ತೊಂಬತ್ತು ಶುರುವಾಗುವ ಹೊತ್ತಿಗೆ ನಾನು ಊರಿಗೆ ವಾಪಸು ಬಂದಿದ್ದೆ. ರೇಷ್ಮೆಹುಳು ಸಾಕುವ ಹೊಸ ಕ್ರಮಗಳನ್ನು ನಮ್ಮ ಸುತ್ತಲಿನ ರೈತರಿಗೆ ತೋರಿಸಿಕೊಡಲು ಆಗ ಜಪಾನಿನಿಂದ ಒಬ್ಬ ತಜ್ಞರು ಬಂದರು. ಅವರ ಕಚೇರಿಗೆ ದುಭಾಷಿ ಬೇಕಾಗಿತ್ತು. ಆ ಸರ್ಟಿಫಿಕೇಟ್ ಇದ್ದವಳು ಇಡೀ ತಾಲೂಕಿನಲ್ಲಿ ನಾನೊಬ್ಬಳೇ. ಅಪ್ಪ ನಮ್ಮ ಮಗ್ಗದ ಮನೆಯಲ್ಲಿ ಪವರ್‌ಲೂಮುಗಳ ಸದ್ದನ್ನೂ ಮೀರಿ, "ನಮ್ ಹುಡ್ಗಿ ಇನ್ಮೇಲೆ ವಿಜ್ಞಾನಿಗಳ ಹತ್ರ ಜಪಾನಿ ಮಾತಾಡ್ತಾಳೆ," ಎಂದು ಕೂಗಿ ಹೇಳಿದರು.

ಮೊದಲ ದಿನ ದೇವನಹಳ್ಳಿ ಕಡೆಯ ಒಂದು ಹಳ್ಳಿಗೆ ಹೋದೆವು. ತಜ್ಞರು ಬಹಳ ಹೊತ್ತು ಮಾತಾಡಿದರು. ರೈತರು ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, "ಹಿಪ್ಪುನೇರಳೆ ಸೊಪ್ಪು ಬಾಡಿರಬಾರದಂತೆ," ಎಂದೆ. ಅವರು ಬಾಡಿದ ಸೊಪ್ಪನ್ನು ಕೈಯಲ್ಲಿ ಎತ್ತಿ ತೋರಿಸಿ ಆಚೆಗೆ ಎಸೆದಿದ್ದರಿಂದ ಅಷ್ಟು ತಿಳಿದಿತ್ತು. ಮುಂದೆ ಬಹಳ ಕಾಲ ನನ್ನ ಅನುವಾದವೆಲ್ಲ ಕೈಸನ್ನೆಯನ್ನೇ ನಂಬಿಕೊಂಡಿತ್ತು.

ನಾನು ಬರೆಯುತ್ತಿರುವುದು ಈ ತಜ್ಞರ ಹೆಂಡತಿಯ ಬಗ್ಗೆ. ನಮ್ಮ ಬೀದಿಯ ಕೊನೆಯ ತಾರಸಿ ಮನೆಯನ್ನು ಅವರಿಗೆ ಬಾಡಿಗೆಗೆ ಹಿಡಿದಿದ್ದರು. ಆಗ ಅವರಿಗೆ ನಲವತ್ತೈದರ ಆಸುಪಾಸು. ಕತ್ತಿನವರೆಗೆ ಕತ್ತರಿಸಿದ ಕೂದಲು, ಸಣ್ಣ ಮೈಕಟ್ಟು, ಯಾರನ್ನು ಕಂಡರೂ ಅರ್ಧ ಬಾಗುವ ಸೊಂಟ. ಬೀದಿಯವರು ಅವರಿಗೆ "ಜಪಾನ್ ಅಮ್ಮ" ಎಂದು ಹೆಸರಿಟ್ಟರು. ತಜ್ಞ ಸಾಹೇಬರು ಬೆಳಿಗ್ಗೆ ಜೀಪಿನಲ್ಲಿ ಹೊರಟರೆ ಬರುವುದು ಸಂಜೆಗೆ. ಜಪಾನ್ ಅಮ್ಮನಿಗೆ ಕನ್ನಡ ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂತು. ನಾನು ವಿಭಕ್ತಿ ಪ್ರತ್ಯಯಗಳಿಂದ ಆರಂಭಿಸಿದೆ. ಅವರು ಅದನ್ನು ಮರ್ಯಾದೆಯಿಂದ ಕೇಳಿ, ಕನ್ನಡವನ್ನು ಮಾತ್ರ ನಲ್ಲಿಯ ಹತ್ತಿರ ಹೆಂಗಸರಿಂದ ಕಲಿತರು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರನ್ನು ಬಾಗಿಲಲ್ಲಿ ಕಂಡು, ಸೊಂಟ ಪೂರ್ತಿ ಬಾಗಿಸಿ, "ಬಾ ಕಣಪ್ಪಾ, ಕಾಫಿ ಕುಡ್ಕೊಂಡ್ ಹೋಗು," ಎಂದರು. ಆ ಅಧಿಕಾರಿ ಸದ್ದಿಲ್ಲದೆ ಕಾಫಿ ಕುಡಿದು ಹೋದರು. ಆ ಹೆಂಗಸಿಗೆ ಕನ್ನಡ ಹೇಳಿಕೊಟ್ಟವರು ಯಾರೆಂದು ಆಮೇಲೆ ವಿಚಾರಿಸಿದರಂತೆ.

ಅವರಿಗೊಂದು ಅಭ್ಯಾಸವಿತ್ತು. ಏನನ್ನಾದರೂ ಮನಸ್ಸಿಟ್ಟು ಕೇಳುವಾಗ ಬಲಗೈಯನ್ನು ದೊನ್ನೆಯ ಹಾಗೆ ಮಾಡಿ ಕಿವಿಯ ಹಿಂದೆ ಹಿಡಿಯುತ್ತಿದ್ದರು. ಕಿವಿ ಮಂದವೆಂದು ತಿಳಿದು ಎಲ್ಲರೂ ಅವರ ಹತ್ತಿರ ಕಿರುಚಿ ಮಾತಾಡುತ್ತಿದ್ದರು. ಹೇಗೂ ನಮ್ಮೂರಿನಲ್ಲಿ ಎಲ್ಲರೂ ಎಲ್ಲರ ಹತ್ತಿರವೂ ಕಿರುಚಿಯೇ ಮಾತಾಡುವುದರಿಂದ ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಅವರು ಬಂದ ವರ್ಷ ನವರಾತ್ರಿಯಲ್ಲಿ ಸುಶೀಲಮ್ಮನವರು ಅವರನ್ನು ಬೊಂಬೆ ನೋಡಲು ಕರೆದರು. ಸುಶೀಲಮ್ಮ ನಮ್ಮ ಬೀದಿಯ ಭಜನಾ ಮಂಡಳಿಗೆ ಯಜಮಾನಿ. ಅವರ ಮನೆಯಲ್ಲೂ ಮಗ್ಗಗಳಿದ್ದವು. ಅವರ ದನಿ ಅವಕ್ಕಿಂತ ದೊಡ್ಡದು. ಬೊಂಬೆ ನೋಡಲು ಹೋದ ಹೆಂಗಸರು ಒಂದು ಹಾಡು ಹೇಳದೆ ಕುಂಕುಮ ತೆಗೆದುಕೊಂಡು ಬರುವ ಹಾಗಿಲ್ಲ. ಈ ಪದ್ಧತಿಯಿಂದ ತಪ್ಪಿಸಿಕೊಳ್ಳಲು ನಾನು ಹೈಸ್ಕೂಲಿನ ದಿನಗಳಿಂದ ನವರಾತ್ರಿಗೆಂದೇ ಒಂದು ಗಂಟಲುನೋವು ಸಾಕಿಕೊಂಡಿದ್ದೆ.

"ಜಪಾನ್ ಅಮ್ಮ, ಒಂದ್ ಹಾಡ್ ಹೇಳಿ. ನಿಮ್ ದೇಶದ್ದೇ ಆಗ್ಲಿ," ಎಂದರು ಸುಶೀಲಮ್ಮ.

ಅವರು ಎದ್ದು ನಿಂತರು. ಕೈ ಕಿವಿಯ ಹಿಂದೆ ಹೋಯಿತು. ಒಂದು ಸ್ವರ ಹಿಡಿದು ಎರಡು ಮಾತು ಹೇಳಿದರು. ನಿಲ್ಲಿಸಿದರು. ಇನ್ನೊಂದು ಕೈಯ ಬೆರಳನ್ನು ತೊಡೆಗೆ ತಟ್ಟುತ್ತ, ತಲೆ ಆಡಿಸುತ್ತ ಸುಮ್ಮನೆ ನಿಂತರು. ಮತ್ತೆ ಅದೇ ಸ್ವರದಲ್ಲಿ ಇನ್ನೆರಡು ಮಾತು. ಮತ್ತೆ ಮೌನ. ಬೊಂಬೆಗಳೂ ಅವರನ್ನೇ ನೋಡುತ್ತಿದ್ದವು.

"ಪಾಪ, ಮರ್ತೋಯ್ತು ಅನ್ಸುತ್ತೆ," ಎಂದು ಸುಶೀಲಮ್ಮ ಪಿಸುಗುಟ್ಟಿದರು. ಬೀದಿಗೆಲ್ಲ ಕೇಳಿಸಿತು.

"ಸುಮ್ನಿರಿ ಅಕ್ಕಾ, ಅವ್ರ ಕಡೆ ಸಂಗೀತಾನೇ ಹಂಗಿರ್ಬೌದು," ಎಂದಳು ನಮ್ಮಮ್ಮ.

ಹಾಡು ಮುಗಿಯಿತು. ಮುಗಿದದ್ದು ತಿಳಿದದ್ದು ಅವರು ಬಾಗಿ ನಮಸ್ಕಾರ ಮಾಡಿದ್ದರಿಂದ. "ತುಂಬಾ ಚೆನ್ನಾಗಿತ್ತು ಕಣಮ್ಮ," ಎಂದು ಸುಶೀಲಮ್ಮ ಕಡಲೆಕಾಳಿನ ಉಸ್ಲಿಯನ್ನು ಅವರಿಗೆ ಎಲ್ಲರಿಗಿಂತ ಒಂದು ಹಿಡಿ ಹೆಚ್ಚು ಹಾಕಿಕೊಟ್ಟರು. ನನ್ನ ಗಂಟಲುನೋವಿಗೆ ಆ ಸಲ ಯಾರೂ ಗಮನ ಕೊಡಲಿಲ್ಲ.

ಮನೆಗೆ ನಡೆಯುವಾಗ ಅವರು ಜಪಾನಿಯಲ್ಲಿ, ನನಗೆ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದರು: "ಅದು ಹಾಡಲ್ಲ. ಹಾಡಿನಲ್ಲಿ ನನ್ನ ಪಾಲು."

"ಉಳಿದದ್ದು?"

"ಟೋಕಿಯೋದಲ್ಲಿದೆ. ನಾಲ್ಕು ಜನರ ಹತ್ತಿರ."

"ಎಲ್ಲರಿಗೂ ತಿಳಿಯುವ ಮುಖ್ಯ ಧಾಟಿಯನ್ನೇ ಹೇಳಬಹುದಿತ್ತಲ್ಲ?"

ಪಕ್ಕದ ಮನೆಯ ಸೀರೆ ಉಟ್ಟುಕೊಂಡು ಹೋಗಬಹುದಿತ್ತಲ್ಲ ಎಂದು ಕೇಳಿದವರನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. "ಅದು ನನ್ನದಲ್ಲ," ಎಂದರು.

ಅವರು ಗಾಯಕಿ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ಯಾವುದೋ ಪ್ರಾಚೀನ ಆಸ್ಥಾನ ಸಂಗೀತವಿರಬೇಕು, ನಾನು ಅದನ್ನು ಕುರಿತು ಗಂಭೀರವಾದ ಲೇಖನ ಬರೆಯಬೇಕು ಎಂದೆಲ್ಲ ಅಂದುಕೊಂಡೆ. ನಿಘಂಟು ಮುಂದಿಟ್ಟುಕೊಂಡು ಅವರ ಕಥೆ ಕೇಳಲು ಕೂತೆ. ತಿಳಿದದ್ದು ಇಷ್ಟು: ಅವರು ಹಾಡುತ್ತಿದ್ದದ್ದು ಟೆಲಿವಿಷನ್ನಿನ ಕಾರ್ಟೂನುಗಳ ಶೀರ್ಷಿಕೆ ಗೀತೆಗಳನ್ನು. ನಾನು ನಿಘಂಟನ್ನು ಎರಡು ಸಲ ನೋಡಿದೆ. ಅದು ಬೇರೆ ಅರ್ಥ ಕೊಡಲಿಲ್ಲ.

ಅವರು ಐವರು. ಕಾಲೇಜಿನ ಗಾಯನ ಸಂಘದಲ್ಲಿ ಸ್ನೇಹಿತರಾದ ಮೂವರು ಹುಡುಗಿಯರು, ಇಬ್ಬರು ಹುಡುಗರು. ಗುಂಪಿಗೆ ಒಂದು ಸಣ್ಣ ಹಕ್ಕಿಯ ಹೆಸರು ಇಟ್ಟುಕೊಂಡಿದ್ದರು. ಅಮ್ಮನಿಗೆ ಹೇಳುವಾಗ ನಾನು "ಗುಬ್ಬಚ್ಚಿಗಳು" ಎಂದೆ. ಮೊದಲು ರೇಡಿಯೋದಲ್ಲಿ ಸೋಪಿನ, ಸೊಳ್ಳೆಬತ್ತಿಯ ಜಾಹೀರಾತು ಹಾಡುತ್ತಿದ್ದರು. ಆಮೇಲೆ, ರೈಲು ಓಡಿಸುವ ಒಂದು ಕರಡಿಮರಿಯ ಕಾರ್ಟೂನಿಗೆ ಹಾಡಲು ಕರೆ ಬಂತು. ಒಂದು ಮಧ್ಯಾಹ್ನ ಹೋಗಿ ಹಾಡಿ ಬಂದು ಮರೆತರು. ಸ್ವಲ್ಪ ದಿನದಲ್ಲಿ ಊರಿನ ಮಕ್ಕಳೆಲ್ಲ ಅದನ್ನೇ ಹೇಳತೊಡಗಿದವು. ಬಸ್ಸಿನಲ್ಲಿ ಹಿಂದಿನ ಸೀಟಿನ ಮಗು ಹಾಡುತ್ತಿತ್ತಂತೆ. ಇವರಿಗೆ ತಡೆಯಲಾಗದೆ ತಿರುಗಿ, ತಮ್ಮ ಪಾಲನ್ನು ಅದರ ಜೊತೆಗೆ ಸೇರಿಸಿದರು. ಮಗು ಹಾಡು ನಿಲ್ಲಿಸಿ, "ಅಮ್ಮಾ, ಈ ಆಂಟಿ ತಪ್ಪು ಹಾಡ್ತಾಳೆ," ಎಂದು ಅತ್ತುಬಿಟ್ಟಿತು. ತಮ್ಮ ಮೊದಲ ವಿಮರ್ಶಕನೆಂದು ಅವರು ಆ ಮಗುವನ್ನು ನೆನೆಯುತ್ತಿದ್ದರು.

ಮುಂದೆ ಹತ್ತಾರು ವರ್ಷ ಆ ಐವರು ಏನೆಲ್ಲಕ್ಕೆ ಹಾಡಲಿಲ್ಲ! ಸಮುದ್ರದಿಂದ ಎದ್ದು ಬರುವ ಯಂತ್ರಮಾನವನಿಗೆ, ಮೋಡದ ಮೇಲೆ ಅಂಗಡಿ ಇಟ್ಟ ನರಿಗೆ, ಸ್ನಾನ ಮಾಡಲೊಲ್ಲದ ರಾಜಕುಮಾರನಿಗೆ. ಯಂತ್ರಮಾನವನಿಗೆ ಹಾಡುವಾಗ ಎದೆಯಿಂದ ದನಿ ತೆಗೆಯಬೇಕು, ನರಿಗೆ ಮೂಗಿನಿಂದ. ಹೆಸರು ತೆರೆಯ ಮೇಲೆ ಸಣ್ಣಕ್ಷರದಲ್ಲಿ ಬಂದು ಹೋಗುತ್ತಿತ್ತು, ಅದೂ ಗುಂಪಿನ ಹೆಸರು ಮಾತ್ರ. ಭಾನುವಾರಗಳಲ್ಲಿ ದೊಡ್ಡ ದೊಡ್ಡ ಅಂಗಡಿಗಳ ತಾರಸಿಯ ಮೇಲೆ ಮಕ್ಕಳಿಗಾಗಿ ಕಾರ್ಯಕ್ರಮ ಇರುತ್ತಿತ್ತಂತೆ. ಅಲ್ಲಿಯೂ ಇವರು ಪರದೆಯ ಹಿಂದೆ. ಮಕ್ಕಳಿಗೆ ಬೇಕಾದದ್ದು ಕರಡಿ. ಕರಡಿಯ ವೇಷ ಹಾಕಿದವನು ಮುಂದೆ ಕುಣಿಯಬೇಕು, ಇವರು ಹಿಂದೆ ಹಾಡಬೇಕು. ಒಂದು ಬೇಸಿಗೆಯಲ್ಲಿ ಆ ಮನುಷ್ಯ ಸೆಕೆಗೆ ಬವಳಿ ಬಂದು ಬಿದ್ದ. ವೇಷ ಇವರ ಅಳತೆಗೆ ಸರಿಯಾಯಿತು. ಕರಡಿಯ ಹೊಟ್ಟೆಯೊಳಗೆ ನಿಂತು ತಮ್ಮ ಪಾಲನ್ನು ಬಿಡದೆ ಹಾಡಿದರು. "ಮಕ್ಕಳು ನನ್ನ ಮುಖ ನೋಡಿ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ," ಎಂದು ನಕ್ಕರು. "ಅದೂ ನನ್ನ ಮುಖವಲ್ಲ."

ಐವರಲ್ಲಿ ಅವರದು ಮೂರನೆಯ ದನಿ. ಹಾಗೆಂದರೆ ಏನೆಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಮುಖ್ಯ ಧಾಟಿಯವರು ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಕೆಳಗಿನ ದನಿ ತಪ್ಪಿದರೆ ಸಂಗೀತ ಬಲ್ಲವರಿಗೆ ಗೊತ್ತಾಗುತ್ತದೆ. ನಾನು ತಪ್ಪಿದರೆ ನನಗೆ ಗೊತ್ತಾಗುತ್ತದೆ."

ಎಂಬತ್ತರ ಹೊತ್ತಿಗೆ ಕಾಲ ಬದಲಾಯಿತು. ಕಾರ್ಟೂನಿನ ಹಾಡಿಗೂ ಮುಖ ಬೇಕಾಯಿತು. ಚೆಂದದ ಪಾಪ್ ಗಾಯಕರು ಬಂದರು. ಗುಬ್ಬಚ್ಚಿಗಳಿಗೆ ಅವರ ಹಿಂದೆ ನಿಂತು "ಊ" ಎನ್ನುವ ಕೆಲಸ ಉಳಿಯಿತು. ಆಮೇಲೆ ಅದನ್ನು ಯಂತ್ರವೇ ಅಂದುಬಿಟ್ಟಿತು. ಒಬ್ಬ ನೂಡಲ್ಸ್ ಅಂಗಡಿ ಇಟ್ಟ, ಒಬ್ಬಳು ಪಿಯಾನೋ ಪಾಠ ಶುರು ಮಾಡಿದಳು. ಇವರು ಮದುವೆಯಾದರು. ಸಾಹೇಬರಿಗೆ ಸಂಗೀತದ ಗಂಧವೂ ಇರಲಿಲ್ಲ. "ಅವರಿಗೆ ರಾಷ್ಟ್ರಗೀತೆಯೂ ಸೋಪಿನ ಜಾಹೀರಾತೂ ಒಂದೇ. ನನ್ನ ದನಿಗೂ ಮುಖ್ಯ ಗಾಯಕಿಯ ದನಿಗೂ ವ್ಯತ್ಯಾಸ ಕಾಣದ ಒಬ್ಬನೇ ಗಂಡಸು ಸಿಕ್ಕಿದ. ಒಪ್ಪಿಬಿಟ್ಟೆ."

ಇದನ್ನೆಲ್ಲ ಕೇಳಿದ ಮೇಲೂ ನಾನು ನಮ್ಮ ಬಂಧುಗಳ ಮುಂದೆ ಅವರನ್ನು "ಜಪಾನಿನ ಗಾಯಕಿ" ಎಂದಷ್ಟೇ ಹೇಳುತ್ತಿದ್ದೆ. ಕರಡಿಯ ವಿಷಯವನ್ನು ನನ್ನ ವಿದ್ಯೆಯ ಗೌರವಕ್ಕೋಸ್ಕರ ಬಿಟ್ಟುಬಿಡುತ್ತಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಕಚೇರಿಗೆ ಅವರನ್ನು ಕೇಳಿಕೊಂಡು ಟೋಕಿಯೋದಿಂದ ಫೋನು ಬಂತು. ಅವರ ಮನೆಯ ಫೋನು ಕೆಟ್ಟಿತ್ತು. ನಾನು ಓಡಿಹೋಗಿ ಕರೆದುಕೊಂಡು ಬಂದೆ. ಅವರು ರಿಸೀವರ್ ಹಿಡಿದು ನಿಂತೇ ಮಾತಾಡಿದರು. ಫೋನಿಗೂ ಬಾಗಿದರು. ಮಾತು ಮುಗಿದ ಮೇಲೆ ರಿಸೀವರನ್ನು ಮೊಟ್ಟೆ ಇಡುವ ಹಾಗೆ ಇಟ್ಟರು.

ಫೋನು ಮಾಡಿದ್ದು ಗುಬ್ಬಚ್ಚಿಗಳಲ್ಲಿ ಒಬ್ಬರು. ಅಂದಿನ ಮಕ್ಕಳು ದೊಡ್ಡವರಾಗಿದ್ದಾರಂತೆ. ಅವರಿಗೆ ಆ ಹಾಡುಗಳು ಮತ್ತೆ ಬೇಕಾಗಿವೆ. ಚಳಿಗಾಲಕ್ಕೆ ಗುಂಪಿನವರು ಸೇರಿ ಹಳೆಯದನ್ನೆಲ್ಲ ಹೊಸದಾಗಿ ಹಾಡಿ ಕ್ಯಾಸೆಟ್ ಮಾಡುತ್ತಾರೆ. "ಇಷ್ಟು ದೂರದಿಂದ ನೀನು ತೊಂದರೆ ತೆಗೆದುಕೊಳ್ಳಬೇಡ ಎಂದರು," ಎಂದು ನಕ್ಕರು. "ನಾಲ್ಕು ಜನ ಸಾಕಂತೆ."

ಆ ನಗುವನ್ನು ಅನುವಾದಿಸಲು ನನಗೆ ಯಾವ ಕೈಸನ್ನೆಯೂ ಸಿಗಲಿಲ್ಲ.

ನಾಲ್ಕಾರು ದಿನ ಅವರು ನಲ್ಲಿಯ ಹತ್ತಿರ ಬರಲಿಲ್ಲ. ನಾನು ಹೋದಾಗ ಮೇಜಿನ ಮುಂದೆ ಕೂತಿದ್ದರು. "ಅವರು ನನ್ನ ಮೇಲಿನ ದಾಕ್ಷಿಣ್ಯಕ್ಕೆ ಹಾಗೆ ಹೇಳಿದರೋ, ನಿಜವಾಗಿಯೂ ನಾಲ್ಕು ದನಿ ಸಾಕೋ, ನನಗೆ ಗೊತ್ತಾಗಬೇಕು," ಎಂದರು. "ಸಾಕು ಎಂದಾದರೆ, ಹದಿನಾರು ವರ್ಷ ನಾನು ಅಲ್ಲಿ ನಿಂತು ಏನು ಮಾಡುತ್ತಿದ್ದೆ?"

ಇಂಥ ಮಾತಿಗೆ ಬೇರೆ ಯಾರಾದರೂ ಹತ್ತಿರ ಕೂತು ಕೈ ಹಿಡಿದುಕೊಳ್ಳುತ್ತಿದ್ದರು. ನಾನು ಒಂದು ಪ್ರಯೋಗ ಸೂಚಿಸಿದೆ. ವಿಜ್ಞಾನಿಗಳ ಸಹವಾಸದ ಫಲ. ನಮ್ಮ ಕಚೇರಿಯಲ್ಲಿ ಒಂದು ತಟ್ಟೆ ಹುಳಕ್ಕೆ ಔಷಧಿ ಹಾಕಿ, ಇನ್ನೊಂದಕ್ಕೆ ಹಾಕದೆ, ಎರಡನ್ನೂ ಹೋಲಿಸಿ ನೋಡುತ್ತಿದ್ದೆವು. ಹಾಡಿಗೂ ಹಾಗೇ ಮಾಡಬಹುದು ಎಂದೆ. ಭಜನಾ ಮಂಡಳಿಯವರಿಗೆ ಕರಡಿಯ ಹಾಡನ್ನು, ಗಂಡಸರ ಎರಡು ದನಿಯನ್ನು ಒಂದು ಮಾಡಿ, ನಾಲ್ಕು ದನಿಯಲ್ಲಿ ಕಲಿಸುವುದು. ಗಣಪತಿ ಪೆಂಡಾಲಿನಲ್ಲಿ ಹಾಡುವುದು. ಮೊದಲ ಚರಣದಲ್ಲಿ ಅವರ ದನಿ ಇರಲಿ, ಎರಡನೆಯದರಲ್ಲಿ ಬೇಡ. ಆಮೇಲೆ ಕೇಳಿದವರನ್ನು ವಿಚಾರಿಸುವುದು. ಹೇಳಿದ ಮೇಲೆ ನನ್ನ ಮಾತು ನನಗೇ ಕ್ರೂರವೆನ್ನಿಸಿತು. ಆದರೆ ಅವರ ಕೈ ಆಗಲೇ ಕಿವಿಯ ಹಿಂದೆ ಹೋಗಿತ್ತು.

ಸುಶೀಲಮ್ಮನಿಗೆ ಪ್ರಯೋಗದ ಸಂಗತಿ ತಿಳಿಸಲಿಲ್ಲ. ಹಾಡಿನ ಅರ್ಥ ಮಾತ್ರ ಕೇಳಿದರು.

"ಕರಡಿಮರಿ ರೈಲು ಓಡಿಸುತ್ತೆ. ಮುಂದಿನ ಸ್ಟೇಷನ್ ಯಾವುದು ಅಂತ ಎಲ್ಲರೂ ಕೇಳ್ತಾರೆ," ಎಂದೆ ನಾನು, ನೆಲ ನೋಡುತ್ತ.

"ಗಣಪತಿ ಮುಂದೆ ಕರಡಿ ಹಾಡಾ?" ಎಂದು ಯಾರೋ ಮುಸಿಮುಸಿ ನಕ್ಕರು.

"ಆನೆ ಮುಖದ ಸ್ವಾಮಿ ಕಣ್ರೇ ಅವ್ನು, ಇಲಿ ಮೇಲ್ ಕೂತ್ಕೊಂಡ್ ಓಡಾಡೋನು. ಕರಡಿ ಕಂಡ್ರೆ ಬೇಜಾರ್ ಮಾಡ್ಕೊಂತಾನಾ?" ಎಂದರು ಸುಶೀಲಮ್ಮ. ಅಲ್ಲಿಗೆ ಧರ್ಮಸಂಕಟ ಮುಗಿಯಿತು.

ಹಾಡನ್ನು ನಾನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟೆ. ಮುಖ್ಯ ಧಾಟಿಗೆ ಇಬ್ಬರು ಹುಡುಗಿಯರು ಮತ್ತು, ಮೂರನೆಯವಳು ಹೆರಿಗೆಗೆ ತವರಿಗೆ ಹೋದದ್ದರಿಂದ, ನಾನು. ಸುಲಭವಾದ ದನಿ ಅದೊಂದೇ. ಗಂಟಲುನೋವಿನ ನೆಪ ಜಪಾನ್ ಅಮ್ಮನ ಮುಂದೆ ನಡೆಯಲಿಲ್ಲ. ಮೇಲಿನ ದನಿ ಅಮ್ಮ ಮತ್ತು ಅವಳ ಜೊತೆಯವರದು. ಕೆಳಗಿನದು ಸುಶೀಲಮ್ಮನದು. ನಡುವೆ ಮೂರನೆಯ ದನಿಗೆ ಜಪಾನ್ ಅಮ್ಮ ಒಬ್ಬರೇ.

ಕಷ್ಟ ಬಂದದ್ದು ಕಂಠದಿಂದಲ್ಲ, ಒಳ್ಳೆಯತನದಿಂದ. ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿಯಲ್ಲಿ ಹೋಗಬೇಕು. ಯಾರಾದರೂ ಬೇರೆ ಸ್ವರಕ್ಕೆ ಜಾರಿದರೆ ಪಕ್ಕದವರು ಅವರ ಕಡೆ ಸೇರಿಕೊಂಡು ತಪ್ಪು ಕಾಣದ ಹಾಗೆ ಮುಚ್ಚಬೇಕು. ಜಪಾನ್ ಅಮ್ಮ ತಮ್ಮ ಪಾಲು ಶುರು ಮಾಡಿದರೆ ಸಾಕು, ಮಂಡಳಿಗೆ ಮಂಡಳಿಯೇ ಅವರ ಕಡೆ ಹೊರಳುತ್ತಿತ್ತು.

"ನಿಮ್ದು ನೀವ್ ಹಾಡಿ!" ಎಂದು ಅವರು ಗೋಗರೆಯುತ್ತಿದ್ದರು.

"ಹೆಂಗಮ್ಮ ಬಿಟ್ಬಿಡೋದು? ಪಾಪ, ನೀವೊಬ್ರೇ ಆಗ್ಬಿಡ್ತೀರಲ್ಲ," ಎನ್ನುತ್ತಿದ್ದಳು ನಮ್ಮಮ್ಮ.

ಕೊನೆಗೆ ಅವರೊಂದು ಉಪಾಯ ಮಾಡಿದರು. ಅಮ್ಮನ ಕಡೆಯವರನ್ನು ಅಡುಗೆಮನೆಗೆ, ಸುಶೀಲಮ್ಮನನ್ನು ಹಿತ್ತಲಿಗೆ, ನಮ್ಮನ್ನು ಪಡಸಾಲೆಗೆ ಕಳಿಸಿ, ತಾವು ನಡುಮನೆಯಲ್ಲಿ ನಿಂತು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಹಾಡಿಸಿದರು. ಮುಖ ಕಾಣದಿದ್ದರೆ ಕನಿಕರ ಬರುವುದಿಲ್ಲ. ಹಾಗೆ ಕೆಲವು ದಿನ ಕಳೆದ ಮೇಲೆ ಒಬ್ಬೊಬ್ಬರನ್ನೇ ಒಂದೊಂದು ಬಾಗಿಲು ಒಳಗೆ ಕರೆದರು. ಒಂದು ಸಂಜೆ ಎಲ್ಲರೂ ನಡುಮನೆಯಲ್ಲೇ ನಿಂತಿದ್ದೆವು, ಯಾರೂ ಯಾರ ಕಡೆಗೂ ಜಾರಲಿಲ್ಲ. ಹಾಡು ಮುಗಿದಾಗ ಸುಶೀಲಮ್ಮ ತಮ್ಮ ತೋಳಿನ ಮೇಲೆ ಎದ್ದ ರೋಮಗಳನ್ನು ಎಲ್ಲರಿಗೂ ತೋರಿಸಿದರು. ನಾನೂ ನನ್ನ ತೋಳು ನೋಡಿಕೊಂಡೆ, ಸೆರಗಿನ ಮರೆಯಲ್ಲಿ.

ಗಣಪತಿ ಕೂರಿಸಿದ ಎರಡನೆಯ ಸಂಜೆ ನಮ್ಮ ಸರದಿ. ಪೆಂಡಾಲು ತುಂಬಿತ್ತು. ಸಾಹೇಬರು ಮುಂದಿನ ಸಾಲಿನಲ್ಲಿ, ಯಾವ ಶಬ್ದಕ್ಕೂ ಸಿದ್ಧರಾಗಿ ಕೂತಿದ್ದರು. ಎದುರಿಗೆ ಅಷ್ಟು ಜನರನ್ನು ನೋಡಿ ನಾನು ಕಣ್ಣು ಮುಚ್ಚಿಕೊಂಡೆ. ತೆರೆಯಬಾರದೆಂದು ನಿರ್ಧರಿಸಿದೆ.

ಮೊದಲ ಚರಣ ನಡುಮನೆಯಲ್ಲಿ ಬಂದ ಹಾಗೆಯೇ ಬಂತು. ಗದ್ದಲ ಅಡಗಿತು. ಎರಡನೆಯ ಚರಣ ಎತ್ತಿಕೊಂಡೆವು. ಒಪ್ಪಂದದ ಪ್ರಕಾರ ಜಪಾನ್ ಅಮ್ಮ ಬಾಯಿ ಮುಚ್ಚಿದರು. ನಾನು ಸಂಕಲ್ಪದಂತೆ ಮುಂದುವರಿದೆ. ಒಂದು ಸಾಲು ಹೇಳಿದೆ, ಇನ್ನೊಂದೂ ಹೇಳಿದೆ. ನನ್ನ ದನಿ ಇದ್ದಕ್ಕಿದ್ದ ಹಾಗೆ ತುಂಬ ಸ್ಪಷ್ಟವಾಗಿ ಕೇಳಿಸುತ್ತಿದೆಯಲ್ಲ ಎಂದು ಸ್ವಲ್ಪ ಸಂತೋಷವೂ ಆಯಿತು. ಆಗ ಅಮ್ಮ ಹಿಂದಿನಿಂದ ನನ್ನ ತೋಳು ಚಿವುಟಿದಳು. ಕಣ್ಣು ಬಿಟ್ಟೆ. ಪೆಂಡಾಲಿನಲ್ಲಿ ಹಾಡುತ್ತಿದ್ದವಳು ನಾನೊಬ್ಬಳೇ. ಕರಡಿಮರಿಯ ರೈಲು ನನ್ನೊಬ್ಬಳನ್ನು ಕೂರಿಸಿಕೊಂಡು ಹೊರಟುಬಿಟ್ಟಿತ್ತು.

ಮಿಕ್ಕವರೆಲ್ಲ ನಿಲ್ಲಿಸಿ ಜಪಾನ್ ಅಮ್ಮನ ಕಡೆ ತಿರುಗಿ ನಿಂತಿದ್ದರು.

ಮಗ್ಗದ ಮನೆಗಳಲ್ಲಿ ಬೆಳೆದವರ ಅಭ್ಯಾಸ ಅದು. ಸಾಲು ಮಗ್ಗ ಬಡಿಯುತ್ತಿರುವಾಗ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಒಂದು ನಿಂತರೆ ಅಡುಗೆಮನೆಯಲ್ಲಿದ್ದವರೂ ತಲೆ ಎತ್ತುತ್ತಾರೆ. ಎಳೆ ಹರಿದಿರಬಹುದು, ಲಾಳಿ ಹಾರಿ ಯಾರಿಗಾದರೂ ಏಟು ಬಿದ್ದಿರಬಹುದು. ಏನಾಯಿತೆಂದು ನೋಡದೆ ಕೈಯಲ್ಲಿದ್ದ ಕೆಲಸ ಮುಂದುವರಿಸುವ ಹಾಗಿಲ್ಲ. ಇದನ್ನು ನನ್ನ ಪ್ರಯೋಗದ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ.

"ಯಾಕಮ್ಮ, ಏನಾಯ್ತು? ಗಂಟ್ಲು ಕಟ್ತಾ? ಲೋ, ನೀರ್ ತಗೊಂಬನ್ರೋ!" ಎಂದು ಸುಶೀಲಮ್ಮ ಮೈಕಿನಲ್ಲಿಯೇ ಕೂಗಿದರು.

ಜಪಾನ್ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆಂದು ನಾನು ಮೊದಲು ತಿಳಿದೆ.

"ಏನೂ ಆಗಿಲ್ಲ. ನಾನ್ ಬೇಕು ಅಂತ ಸುಮ್ನಾದೆ," ಎಂದರು ಅವರು ತಮ್ಮ ನಲ್ಲಿಯ ಕನ್ನಡದಲ್ಲಿ. "ನೀವ್ ಹಾಡಿ. ನಾನ್ ಯಾಕೆ?"

"ನೀವ್ ಸುಮ್ನಾದ್ರೆ ನಾವ್ ಏನ್ ಹಾಡೋದು? ಯಾವ್ದನ್ನ ಹಿಡ್ಕೊಂಡ್ ನಿಂತ್ಕೊಳೋದು? ಇಷ್ಟ್ ಜನದ್ ಮುಂದೆ ಏನ್ ತಮಾಷೆ ಅಂತ ಮಾಡ್ತೀರಮ್ಮ! ಶುರು ಮಾಡಿ, ಮೊದ್ಲಿಂದ."

ಅವರು ನನ್ನ ಕಡೆ ತಿರುಗಿದರು. ಅವರಿಗೆ ಅರ್ಥವಾಗಿತ್ತು, ಅದು ಅವರ ಮುಖದಲ್ಲೇ ಇತ್ತು. ಆದರೂ ಅನುವಾದಕ್ಕೆ ಕಾದರು. ಸರ್ಟಿಫಿಕೇಟ್ ತರಗತಿಯಲ್ಲಿ "ನೀರಿಲ್ಲದಿದ್ದರೆ ಮೀನು ಬದುಕುವುದಿಲ್ಲ" ಎಂಬ ಒಂದು ಪಾಠವಿತ್ತು. ನನ್ನ ಪುಣ್ಯ, ಆ ವ್ಯಾಕರಣವೇ ಬೇಕಾಗಿತ್ತು.

"ನೀವು ಇಲ್ಲದಿದ್ದರೆ ಹಾಡಲು ಆಗುವುದಿಲ್ಲ ಎನ್ನುತ್ತಿದ್ದಾರೆ," ಎಂದೆ ಜಪಾನಿಯಲ್ಲಿ.

"ಇನ್ನೊಂದು ಸಲ ಹೇಳು," ಎಂದರು.

ಹೇಳಿದೆ. ನನ್ನ ಉದ್ಯೋಗದ ಅವಧಿಯಲ್ಲಿ ಎರಡು ಸಲ ಕೇಳಿಸಿಕೊಂಡ ಅನುವಾದ ಅದೊಂದೇ.

ಹಾಡನ್ನು ಮೊದಲಿನಿಂದ ಪೂರ್ತಿ ಹಾಡಿದೆವು. ಈ ಸಲ ನಾನು ಕಣ್ಣು ಬಿಟ್ಟುಕೊಂಡೇ ಹಾಡಿದೆ. ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ, "ಮಗ್ಗದ್ ಮನೆ ಹುಡ್ಗಿ ಅಂತ ಇನ್ಮೇಲೆ ಯಾರ್ ಹತ್ರಾನೂ ಹೇಳ್ಕೋಬೇಡ ಕಣೇ, ಮಾನ ಹೋಗುತ್ತೆ," ಎಂದಳು. ಮರುದಿನ ನಾನು ಜಪಾನ್ ಅಮ್ಮನಿಗೆ, ಪ್ರಯೋಗ ಕೆಟ್ಟಿತು, ಎರಡನೆಯ ತಟ್ಟೆಯೇ ಇಲ್ಲವಾದ್ದರಿಂದ ಹೋಲಿಸಲು ಬರುವುದಿಲ್ಲ ಎಂದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, ಬಾಗಿ, ಫೋನ್ ಮಾಡಬೇಕು ಎಂದರು.

ಕಚೇರಿಯಿಂದ ಟೋಕಿಯೋಗೆ ಟ್ರಂಕ್ ಕಾಲ್ ಬುಕ್ ಮಾಡಿಕೊಟ್ಟೆ. ಸಂಪರ್ಕ ಸಿಕ್ಕಿದಾಗ ಅವರು ಹೇಳಿದ್ದು ನನಗೂ ತಿಳಿಯುವಷ್ಟು ಚಿಕ್ಕದು: "ನಾನು ಬರುತ್ತೇನೆ." ರಿಸೀವರ್ ಇಡುವವರೆಗೂ ಅವರು ನೆಟ್ಟಗೆ ನಿಂತಿದ್ದರು. ಫೋನಿಗೆ ಬಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಹೋಗಿ ಬಂದರು. ಏನಾಯಿತೆಂದು ನಾನು ಕೇಳಲಿಲ್ಲ, ಕೇಳುವ ಸ್ವಭಾವ ನನ್ನದಲ್ಲ. ಅವರಾಗಿಯೇ ಹೇಳಿದರು. "ಬಾಗಿಲು ತೆಗೆದು ಒಳಗೆ ಹೋದೆ. ನಾಲ್ವರೂ ಹಾಡುತ್ತಿದ್ದರು. ನನ್ನನ್ನು ನೋಡಿದರು. ನೂಡಲ್ಸ್ ಅಂಗಡಿಯವನು ಎದ್ದು ತನ್ನ ಕುರ್ಚಿಯನ್ನು ಆಚೆ ಸರಿಸಿಕೊಂಡ. ನಡುವೆ ಜಾಗವಾಯಿತು." ಮಂಡಳಿಯ ಪ್ರತಿ ಮನೆಗೂ ಒಂದೊಂದು ಕ್ಯಾಸೆಟ್ ತಂದಿದ್ದರು. ಹೊದಿಕೆಯ ಮೇಲೆ ಕರಡಿಯ ಚಿತ್ರ.

ಇನ್ನೆರಡು ವರ್ಷ ನಮ್ಮ ಬೀದಿಯಲ್ಲಿದ್ದು ಅವರು ಜಪಾನಿಗೆ ಮರಳಿದರು. ಕಚೇರಿ ಮುಚ್ಚಿತು. ನಾನು ಈಗ ದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಲ್ಲಿ ನನಗೆ ಜಪಾನಿ ಬರುತ್ತದೆಂದು ಯಾರಿಗೂ ಗೊತ್ತಿಲ್ಲ, ಅದು ಸತ್ಯಕ್ಕೆ ಹತ್ತಿರವಾಗಿಯೂ ಇದೆ.

ಸಾಹೇಬರು ಫೋನ್ ಮಾಡಿ ಸುದ್ದಿ ತಿಳಿಸಿದ ಸಂಜೆ ಅಮ್ಮ ಪಡಸಾಲೆಯಲ್ಲಿ ಕೂತು ಲಾಳಿಗೆ ನೂಲು ಸುತ್ತುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು. "ಆ ಕ್ಯಾಸೆಟ್ ಹಾಕು," ಎಂದಳು.

ಹಾಕಿದೆ. ಐವರೂ ಹಾಡಿದರು. ನಾನು ಟೇಪ್ ರೆಕಾರ್ಡರಿಗೆ ಕಿವಿ ಕೊಟ್ಟು ಅವರೊಬ್ಬರ ದನಿಯನ್ನು ಹುಡುಕಿದೆ. ಮುಖ್ಯ ಧಾಟಿ ಕೇಳಿಸಿತು, ಮೇಲಿನದು ಕೇಳಿಸಿತು, ಗಂಡಸರಿಬ್ಬರ ದನಿಯೂ ಸಿಕ್ಕಿತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಇನ್ನೊಂದು ಸಲವೂ ಹಾಕಿದೆ.

"ಅವ್ರ ದನಿ ಯಾವ್ದು ಅಂತ ಗೊತ್ತೇ ಆಗ್ತಿಲ್ಲಮ್ಮ," ಎಂದೆ. ನನ್ನ ಕಂಠ ಸರಿಯಿರಲಿಲ್ಲ. ಈ ಸಲ ಅದು ನೆಪವಲ್ಲ.

ಅಮ್ಮ ತಲೆ ಎತ್ತಲಿಲ್ಲ. ಮತ್ತೆ ನೂಲು ಸುತ್ತತೊಡಗಿದಳು.

"ಇದ್ದಾರೆ ಕಣೇ," ಎಂದಳು. "ಇಲ್ದಿದ್ರೆ ನಿಂತೋಗಿರೋದು."